ದತ್ತಣ್ಣನ ದನಿಗೊಂದು ವಾಕಿಟಾಕಿ

ಕೋಗಾರ ಘಾಟಿ ಇಳಿದು ನಾನು ಭಟ್ಕಳ ಮುಟ್ಟಿದಾಗ ಬಿಸಿಲು ಚುರುಕಾಗಿತ್ತು. ಶಿವಮೊಗ್ಗವನ್ನು ಬೆಳಕು ಹರಿಯುವ ಮುಂಚೆಯೇ ಬಿಟ್ಟಿದ್ದೆ. ಸಾಗರದಲ್ಲಿ ಡೀಸೆಲ್ ತುಂಬಿಸಿ, ಎರಡು ಇಡ್ಲಿ ತಿಂದು, ಘಾಟಿಯ ಮಂಜಿನಲ್ಲಿ ದೀಪ ಹಾಕಿಕೊಂಡೇ ಇಳಿದೆ. ದೀಪಾವಳಿ ಮುಗಿದಿದ್ದರೂ ಮಳೆ ಪೂರ್ತಿ ಕಾಲು ತೆಗೆದಿರಲಿಲ್ಲ. ಸಂಜೆಯಾದರೆ ಎಲ್ಲೋ ಒಂದು ಕಡೆ ಸುರಿದು ಹೋಗುತ್ತಿತ್ತು. ಜೀಪು ನಮ್ಮದೇ. ಆಸೆಪಟ್ಟು ಕೊಂಡವರು ನನ್ನ ಗಂಡ. ಅವರಿಗೆ ಬೆನ್ನುನೋವು ಶುರುವಾದ ಮೇಲೆ ಓಡಿಸುವವಳು ನಾನು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಹೆಂಗಸು ರಜೆ ಬಂದರೆ ಕೆಸರುರಸ್ತೆ ಹುಡುಕಿಕೊಂಡು ಹೋಗುತ್ತಾಳೆ ಎಂದು ನಮ್ಮ ಬೀದಿಯವರಿಗೆ ಇನ್ನೂ ಆಶ್ಚರ್ಯ.

ಈ ಸಲ ಹೋದದ್ದು ಬರೀ ತಿರುಗಾಟಕ್ಕಲ್ಲ, ವಾಕಿಟಾಕಿ ಆರಿಸಲಿಕ್ಕೆ. ನಮ್ಮದೊಂದು ಜೀಪಿನ ಗುಂಪು ಇದೆ. ವರ್ಷಕ್ಕೆ ಒಂದೆರಡು ಬಾರಿ ಹತ್ತು ಹನ್ನೆರಡು ಗಾಡಿಗಳು ಸೇರಿ ಘಟ್ಟದ ಕೆಳಗಿನ ಮಣ್ಣುರಸ್ತೆಗಳಲ್ಲಿ ಸುತ್ತುತ್ತೇವೆ. ಕಾಯ್ದಿಟ್ಟ ಕಾಡಿನೊಳಗೆ ಗಾಡಿ ಇಳಿಸುವುದಿಲ್ಲ. ಊರಿನಿಂದ ಊರಿಗೆ ಹೋಗುವ ದಾರಿಗಳೇ ನಮಗೆ ಸಾಕಷ್ಟು ಕಷ್ಟ ಕೊಡುತ್ತವೆ. ಅಲ್ಲಿ ಮೊಬೈಲು ಸಿಗುವುದಿಲ್ಲ. ಮುಂದಿನ ಗಾಡಿ ಹಿಂದಿನದಕ್ಕೆ ಹಾರ್ನ್ ಹೊಡೆದೋ ಕೂಗಿಯೋ ಹೇಳಬೇಕು. ಇಷ್ಟು ವರ್ಷ ಅದು ನಡೆದದ್ದು ಒಬ್ಬ ಮನುಷ್ಯನ ಗಂಟಲಿನಿಂದ.

ಅವರು ಹೊನ್ನಾವರದ ದತ್ತಣ್ಣ. ಗಾಡಿ ಬಿಡಿಭಾಗಗಳ ಅಂಗಡಿ ಇಟ್ಟವರು. ಮೂರು ತಾಲೂಕಿನ ಒಳದಾರಿಗಳೆಲ್ಲ ಅವರಿಗೆ ಗೊತ್ತು, ಹಾಗಾಗಿ ಯಾವಾಗಲೂ ಮೊದಲ ಗಾಡಿ ಅವರದು. ವಾಲಿಬಾಲ್ ಪಂದ್ಯ ಎಲ್ಲೇ ಇರಲಿ ಮೈಕು ಅವರ ಕೈಗೇ. ಮೈಕು ಕೆಟ್ಟರೂ ಪಂದ್ಯ ನಿಲ್ಲುತ್ತಿರಲಿಲ್ಲ ಎಂದು ಜನ ಹೇಳುತ್ತಿದ್ದರು. ಕಣಿವೆಯ ಆ ಬದಿಯಿಂದ ಅವರು "ಹೋಯ್" ಎಂದರೆ ಈ ಬದಿಯಲ್ಲಿ ನಮ್ಮ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಹೋದ ವರ್ಷ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿತು. ಗಡ್ಡೆ ಸ್ವರದ ನರವನ್ನೇ ಸುತ್ತಿಕೊಂಡಿತ್ತು. ಆಪರೇಷನ್ ಆಗಿ ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವರಿಂದ ಹೊರಡುವುದು ಬರೀ ಉಸಿರು, ಉಸಿರಿನಲ್ಲಿ ಕಟ್ಟಿದ ಮಾತು. ಎದುರು ಕೂತು ಗಮನವಿಟ್ಟರೆ ಅರ್ಥವಾಗುತ್ತದೆ. ಪಕ್ಕದಲ್ಲೊಂದು ಗಾಡಿ ಹೋದರೆ ಅದೂ ಇಲ್ಲ. "ಇನ್ನು ಮುಂದಿನ ಗಾಡಿ ಬೇರೆಯವ್ರು ನೋಡ್ಕಳ್ಳಿ" ಎಂದು ಅವರು ಗುಂಪಿಗೆ ಬರೆದು ಕಳಿಸಿದ್ದರು. ವಾಕಿಟಾಕಿ ಕೊಳ್ಳೋಣ ಎಂಬ ಮಾತು ಎದ್ದದ್ದು ಆ ನಂತರ. ಹನ್ನೆರಡು ಗಾಡಿಗೆ ಕೊಳ್ಳುವ ಮುಂಚೆ ಮೂರು ಗಾಡಿಯಲ್ಲಿ ಮೂರು ನಮೂನೆ ಒಯ್ದು ನೋಡುವುದು, ದಾರಿ ತೋರಿಸಲು ಮಾತ್ರ ದತ್ತಣ್ಣ ಬರುವುದು ಎಂದು ಒಪ್ಪಂದವಾಗಿತ್ತು.

ಭಟ್ಕಳದಲ್ಲಿ ನಾವು ಸೇರಿದ್ದು ಇಮ್ತಿಯಾಜ್ ಭಾಯಿಯ ಮನೆಯಲ್ಲಿ. ಕೆಳಗೆ ಅವರ ಬಟ್ಟೆ ಅಂಗಡಿ, ಮೇಲೆ ಮನೆ. ಬಹಳ ವರ್ಷ ಕೊಲ್ಲಿ ದೇಶದಲ್ಲಿದ್ದು ಪ್ರವಾಸಿಗಳನ್ನು ಮರಳುಗುಡ್ಡಗಳ ಮೇಲೆ ಜೀಪಿನಲ್ಲಿ ಹತ್ತಿಸಿ ಇಳಿಸಿದವರು. ನಾನು ಹೋಗುವಷ್ಟರಲ್ಲಿ ಕುಮಟಾದಿಂದ ಶ್ರೀಪಾದ ಹೆಗಡೆ ಬಸ್ಸಿನಲ್ಲಿ ಬಂದಿದ್ದ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು, ನನಗಿಂತ ಚಿಕ್ಕವನು. ಅವನ ಗಾಡಿ ಗ್ಯಾರೇಜಿನಲ್ಲಿದ್ದುದರಿಂದ ನನ್ನ ಜೀಪಿನಲ್ಲಿ ಬರುವುದೆಂದಾಗಿತ್ತು. ದತ್ತಣ್ಣ ಮತ್ತು ಅವರ ಹೆಂಡತಿ ಲಲಿತಕ್ಕ ಹೊನ್ನಾವರದಿಂದ ಬಂದು ಚಹಾ ಕುಡಿಯುತ್ತಿದ್ದರು. ನಾನು ಕೈಮುಗಿದೆ. ದತ್ತಣ್ಣನ ತುಟಿ ಅಲ್ಲಾಡಿತು.

"ಘಾಟಿಯಲ್ಲಿ ಮಂಜಿತ್ತೇನ್ರಿ, ಕೇಳ್ತಾ ಇದಾರೆ" ಎಂದರು ಲಲಿತಕ್ಕ. "ಒಬ್ರೇ ಬರುದು ಯಾಕೆ, ಯಜಮಾನ್ರನ್ನೂ ಕರ್ಕಂಡು ಬರುದಲ್ವಾ, ಅಂತಿದಾರೆ."

ದತ್ತಣ್ಣ ಹೆಂಡತಿಯ ಕಡೆ ನೋಡಿದರು. ಎರಡನೆಯದನ್ನು ಅವರು ಕೇಳಿರಲಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಲಲಿತಕ್ಕ ನಕ್ಕುಬಿಟ್ಟರು.

ಊಟಕ್ಕೆ ಶಾವಿಗೆ ಬಿರಿಯಾನಿ. ಶ್ರೀಪಾದನಿಗೆಂದು ಬೇರೆ ಪಾತ್ರೆಯಲ್ಲಿ ಅನ್ನ, ಸಾರು, ಬದನೆಕಾಯಿ ಪಲ್ಯ. ಊಟದ ಮೇಲೆ ಚಾಪೆಯ ಮೇಲೆ ಡಬ್ಬಗಳನ್ನು ಬಿಚ್ಚಿದೆವು. ಮೊದಲನೆಯದು ಸಿಮ್ ಹಾಕುವ ಸೆಟ್ಟು. ದೇಶದ ಯಾವ ಮೂಲೆಗಾದರೂ ಮಾತಾಡಬಹುದು, ಆದರೆ ಮೊಬೈಲಿನ ಗೋಪುರ ಹತ್ತಿರದಲ್ಲಿರಬೇಕು. ಎರಡನೆಯದು ಡಿಜಿಟಲ್, ನೋಡಲು ಚಂದ, ಗಾಳಿಯ ಮತ್ತು ಇಂಜಿನಿನ ಸದ್ದನ್ನು ತಾನೇ ಸೋಸಿ ಬರೀ ಮಾತನ್ನು ಕಳಿಸುತ್ತದೆ. ಮೂರನೆಯದು ಹಳೆಯ ಬಗೆಯ ಅನಲಾಗ್ ಸೆಟ್ಟು, ದಪ್ಪ, ಕಪ್ಪು, ಸಾಬೂನಿನ ಡಬ್ಬದ ಹಾಗಿತ್ತು. ಬೆಲೆಯಲ್ಲಿ ಇದು ಎರಡನೆಯದರ ಅರ್ಧಕ್ಕೂ ಕಡಿಮೆ. ಕೊನೆಯ ಎರಡೂ ಪರವಾನಗಿ ಬೇಡದ, ಕಡಿಮೆ ಶಕ್ತಿಯ ನಮೂನೆಗಳು.

"ಇದೆಂತ ಆಟಿಕೆ" ಎಂದರು ಇಮ್ತಿಯಾಜ್ ಭಾಯಿ. "ಅಲ್ಲಿ ನಮ್ಮ ಹತ್ರ ಇದ್ದದ್ದು ಇದರ ಹತ್ತು ಪಾಲು ಜೋರು. ಮರಳಲ್ಲಿ ಇಪ್ಪತ್ತು ಕಿಲೋಮೀಟರ್ ದೂರದವನು ಕೆಮ್ಮಿದ್ರೂ ಕೇಳ್ತಿತ್ತು ಮೇಡಂ."

"ಅದಕ್ಕೆ ಲೈಸನ್ಸ್ ಬೇಕು ಭಾಯಿ" ಎಂದ ಶ್ರೀಪಾದ. "ಆನ್‌ಲೈನಲ್ಲಿ ಸಿಗ್ತದೆ ಹೇಳಿ ತಗೊಂಡು ಬಂದ್ರೆ, ನಾಳೆ ಯಾರಾದ್ರೂ ಹಿಡಿದು ಕೇಳಿದ್ರೆ ಉತ್ತರ ಕೊಡೋರು ಯಾರು? ಮತ್ತೆ ಇಲ್ಲಿ ಮರಳುಗುಡ್ಡ ಇಲ್ಲ. ಗುಡ್ಡ ಅಡ್ಡ ಬಂದ್ರೆ ಎಷ್ಟು ಜೋರಿದ್ರೂ ಅಷ್ಟೆ."

ಮೂರನೆಯದರ ಡಬ್ಬದ ಮೇಲೆ ಹತ್ತು ಕಿಲೋಮೀಟರ್ ಎಂದು ಬರೆದಿತ್ತು. ದತ್ತಣ್ಣ ಅದನ್ನು ಓದಿ ಏನೋ ಹೇಳಿದರು. "ಡಬ್ಬದ ಮೇಲೆ ಬರೆಯುಕೆ ದುಡ್ಡು ಕೊಡಬೇಕಾ, ಅಂತಾರೆ" ಎಂದರು ಲಲಿತಕ್ಕ. ಈ ಸಲ ಮಾತು ದತ್ತಣ್ಣನದೇ ಆಗಿತ್ತು.

ಮಧ್ಯಾಹ್ನ ಬಂದರಿನ ಕಡೆ ಹೋಗಿ ಮೊದಲ ಪರೀಕ್ಷೆ ಮಾಡಿದೆವು. ಇಮ್ತಿಯಾಜ್ ಭಾಯಿ ದೋಣಿ ನಿಲ್ಲುವ ದಕ್ಕೆಯಲ್ಲಿ ನಿಂತರು, ನಾನು ಜೀಪಿನಲ್ಲಿ ದೂರ ಹೋಗುತ್ತಾ ಮಾತಾಡಿದೆ. ಬಯಲಿನಲ್ಲಿ, ನೀರಿನ ಮೇಲೆ, ಮೂರೂ ಸೆಟ್ಟು ಚೆನ್ನಾಗಿಯೇ ಕೇಳಿದವು. ಅನಲಾಗ್ ಸೆಟ್ಟು ಎರಡು ಮೂರು ಕಿಲೋಮೀಟರಿಗೆ ಕರಕರ ಎನ್ನತೊಡಗಿತು. ಡಿಜಿಟಲ್ ಸೆಟ್ಟು ಅಷ್ಟೇ ದೂರದವರೆಗೆ ಶುದ್ಧವಾಗಿದ್ದು ಆಮೇಲೆ ಒಮ್ಮೆಲೇ ಸತ್ತುಹೋಯಿತು. ಶ್ರೀಪಾದ ಮೊಬೈಲಿನಲ್ಲಿ ಎಲ್ಲ ಗುರುತು ಹಾಕಿಕೊಂಡ. ನಮಗೆಲ್ಲ ಡಿಜಿಟಲ್ ಮೇಲೇ ಮನಸ್ಸು. ದಕ್ಕೆಯಲ್ಲಿ ಐಸ್ ಪುಡಿಮಾಡುವ ಯಂತ್ರದ ಪಕ್ಕ ನಿಂತು ಮಾತಾಡಿದರೂ ಯಂತ್ರದ ಸದ್ದು ಸ್ವಲ್ಪವೂ ಬರಲಿಲ್ಲ.

ಭಟ್ಕಳ ಬಿಟ್ಟು ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟೆವು. ಮುಂದೆ ದತ್ತಣ್ಣ ದಂಪತಿ, ನಡುವೆ ನಾನು ಮತ್ತು ಶ್ರೀಪಾದ, ಹಿಂದೆ ಇಮ್ತಿಯಾಜ್ ಭಾಯಿ. ಪ್ರತಿ ಗಾಡಿಯಲ್ಲೂ ಮೂರೂ ನಮೂನೆಯ ಒಂದೊಂದು ಸೆಟ್ಟು. ಮುಂದಿನ ಗಾಡಿಯ ಮಾತೆಲ್ಲ ಲಲಿತಕ್ಕನದು. "ಲಾರಿ ಬರ್ತಾ ಇದೆ, ನಿಧಾನ ಮಾಡಿ ಅಂತಾರೆ." "ಮಂಕಿ ಬಂತು ಅಂತಾರೆ." ಇಡಗುಂಜಿಗೆ ತಿರುಗುವ ದಾರಿಯಲ್ಲಿ "ಗಣಪತಿಗೆ ಕೈಮುಗ್ದು ಹೋಗುದೇ ಅಂತಾರೆ" ಎಂದರು. ಇದು ಯಾರ ಮಾತೆಂದು ಯಾರೂ ವಿಚಾರಿಸಲಿಲ್ಲ. ಒಳಕ್ಕೆ ಹೋಗಿ ಕೈಮುಗಿದು, ಪಂಚಕಜ್ಜಾಯ ತಿಂದು ಬಂದೆವು. ಇಮ್ತಿಯಾಜ್ ಭಾಯಿ ಹೊರಗೆ ಜೀಪಿನ ನೆರಳಲ್ಲಿ ಯಾತ್ರಿಕರ ಗಾಡಿಗಳಿಗೆ ಜಾಗ ತೋರಿಸುತ್ತಾ ನಿಂತಿದ್ದರು. ನಾವು ಬರುವಷ್ಟರಲ್ಲಿ ಅವರನ್ನು ದೇವಸ್ಥಾನದ ಪಾರ್ಕಿಂಗ್‌ನವರೆಂದು ತಿಳಿದು ಒಬ್ಬರು ಚೀಟಿ ಕೇಳುತ್ತಿದ್ದರು.

ಸಂಜೆ ಶರಾವತಿ ದಾಟುವ ಮುಂಚೆ ಕಾಸರಕೋಡಿನ ಗಾಳಿಮರಗಳ ಕೆಳಗೆ ನಿಲ್ಲಿಸಿದೆವು. ಶ್ರೀಪಾದ ಡಿಜಿಟಲ್ ಸೆಟ್ಟನ್ನು ದತ್ತಣ್ಣನ ಕೈಯಲ್ಲಿಟ್ಟು, "ನೀವೊಂದು ನಾಲ್ಕು ಮಾತು ಆಡಿ ನೋಡಿ. ನಿಮ್ಮ ದನಿ ಎಷ್ಟು ಹಿಡೀತದೆ ನೋಡ್ವ" ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ದತ್ತಣ್ಣ ಸೆಟ್ಟನ್ನು ಎರಡೂ ಬದಿ ತಿರುಗಿಸಿ ನೋಡಿ, ಬಾನೆಟ್ಟಿನ ಮೇಲಿಟ್ಟು, ಮರಳಿನಲ್ಲಿ ನಡೆದುಹೋದರು. ಕಡಲಿನ ಅಂಚಿನಲ್ಲಿ ನಮಗೆ ಬೆನ್ನು ಹಾಕಿ ಕೂತರು.

ಲಲಿತಕ್ಕ ಗಂಡನ ಹಿಂದೆ ಹೋಗಲಿಲ್ಲ. ನನ್ನ ಪಕ್ಕ ಜೀಪಿನ ಮೆಟ್ಟಿಲಲ್ಲಿ ಕೂತರು. "ಬೇಜಾರು ಮಾಡ್ಕಬೇಡಿ ಮೇಡಂ" ಎಂದರು. "ಮದುವೆಮನೇಲೂ ಹಿಂಗೇ. ಯಾರೋ ಮಾತಾಡ್ಸಿದ್ರೆ ಎದ್ದು ಹೋಗುದು. ಮೊದ್ಲು ಊರಿಗೆಲ್ಲ ಕೇಳ್ತಿತ್ತಲ್ಲ, ಈಗ ತನ್ನ ಉಸಿರು ಜನ ಕೇಳುದು ಬೇಡ ಅವ್ರಿಗೆ."

"ನಿಮಗೂ ಸುಸ್ತಾಗುತ್ತದಲ್ಲವೇ, ದಿನವೆಲ್ಲ ಅವರ ಮಾತು ಹೇಳಿ ಹೇಳಿ?"

ಅವರು ಚಪ್ಪಲಿಯ ಮರಳು ಕೊಡವಿದರು. "ಹೇಳುಕೆ ಎಂತ ಕಷ್ಟ. ಕೇಳುದೇ ಕಷ್ಟ. ಅಂಗಡೀಲಿ, ಅಡುಗೆಮನೇಲಿ, ನಿದ್ದೇಲಿ, ಎಲ್ಲಿದ್ರೂ ಒಂದು ಕಿವಿ ಅವ್ರ ಕಡೆಗೇ ಇರ್ಬೇಕು. ಅವ್ರು ಎರಡನೇ ಸಲ ಕರೆಯುದಿಲ್ಲ. ಕೇಳ್ಲಿಲ್ಲ ಅಂದ್ರೆ ಸುಮ್ನಾಗ್ತ್ರು." ಆಮೇಲೆ ದನಿ ತಗ್ಗಿಸಿ, "ಕೆಲವು ಸಲ ನಾನು ಮಾತು ಬದ್ಲಿಸ್ತೆ. ಸಾಲ ಕೇಳ್ದವನಿಗೆ ಇವ್ರು ಬಯ್ದ್ರೆ, ನಾ 'ನಾಳೆ ಬನ್ನಿ' ಅಂದ್ಬಿಡ್ತೆ. ಅವ್ರಿಗೆ ಗೊತ್ತು, ಸುಮ್ನಿರ್ತ್ರು."

ಆ ರಾತ್ರಿ ಅವರಿಬ್ಬರು ತಮ್ಮ ಮನೆಗೆ ಹೋದರು, ನಾವು ಮೂವರು ಹೊನ್ನಾವರದ ಬಸ್‌ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಉಳಿದೆವು. ಬಾಡಿಗೆ ಎಂಟುನೂರು, ಬಿಸಿನೀರು ಬೆಳಿಗ್ಗೆ ಮಾತ್ರ.

ಮರುದಿನ ಚಂದಾವರ ದಾಟಿ ಸಂತೇಗುಳಿ ಕಡೆಯ ಒಳರಸ್ತೆ ಹಿಡಿದೆವು. ರಾತ್ರಿ ಮಳೆ ಹೊಡೆದು ಕೆಂಪುಮಣ್ಣು ಹದವಾಗಿ ಅಂಟುತ್ತಿತ್ತು. ಡಾಂಬರು ಮುಗಿದು ಸ್ವಲ್ಪ ಹೊತ್ತಿಗೆ ಸಿಮ್‌ನ ಸೆಟ್ಟುಗಳು ಒಂದೊಂದಾಗಿ ಕೂಗಿ ಮಲಗಿದವು. ಶ್ರೀಪಾದ ಅದಕ್ಕೆ ಮುಂಚೆ ತಾಯಿಗೆ ಫೋನು ಮಾಡಿ, ಹೆದರಬೇಡ ಎಂದು ಮನೆಯ ಹವ್ಯಕ ಮಾತಿನಲ್ಲಿ ಹೇಳಿ ಮುಗಿಸಿದ್ದ: "ಆಯಿ, ಆನು ಸಂಜೆಗೆ ಬತ್ತೆ. ಈಗ ನೆಟ್‌ವರ್ಕ್ ಇದ್ದು, ಮುಂದೆ ಇಲ್ಲೆ. ಹೆದ್ರಿಕ್ಯಳಡ." ಒಂದು ನಮೂನೆ ಪಟ್ಟಿಯಿಂದ ಹೋಯಿತು. ಉಳಿದದ್ದು ಎರಡು.

ಕಾಡಿನಲ್ಲಿ ಎರಡಕ್ಕೂ ಒಂದೇ ಗತಿ. ತಿರುವು ಹೆಚ್ಚಾದಂತೆ ಅಂತರ ಕಡಿಮೆಯಾಯಿತು. ಗುಡ್ಡ ನಡುವೆ ಬಂದರೆ ಅರ್ಧ ಕಿಲೋಮೀಟರಿಗೂ ಮಾತು ತಡವರಿಸಿತು. ಆದರೂ ನಮಗೆ ಅಷ್ಟು ಸಾಕು. ಜೀಪುಗಳು ಒಂದರ ಬಾಲ ಇನ್ನೊಂದು ಹಿಡಿದೇ ಹೋಗುವುದರಿಂದ ಹತ್ತು ಕಿಲೋಮೀಟರಿನ ಅಗತ್ಯವೇ ಇಲ್ಲ. ಮುಂದಿನ ಎರಡು ತಿರುವು ಕೇಳಿದರೆ ಆಯಿತು. ಇದನ್ನು ಭಟ್ಕಳದಲ್ಲೇ ಯೋಚಿಸಬಹುದಿತ್ತು. ಇಮ್ತಿಯಾಜ್ ಭಾಯಿ ಕೂಡ ಹಿಂದಿನಿಂದ, "ಆತು ಮಾರಾಯ್ರೆ, ಮರಳು ಬೇರೆ, ಕಾಡು ಬೇರೆ, ಒಪ್ಪಿದೆ" ಎಂದರು. ಇನ್ನು ಡಿಜಿಟಲ್ ತೆಗೆದುಕೊಳ್ಳುವುದೇ ಸೈ ಎಂದು ನಾನೂ ಶ್ರೀಪಾದನೂ ಮಾತಾಡಿಕೊಂಡೆವು. ಲಲಿತಕ್ಕನ ದನಿ ಅದರಲ್ಲಿ ಪಕ್ಕದಲ್ಲಿ ಕೂತ ಹಾಗೆ ಬರುತ್ತಿತ್ತು.

ಒಂದು ಹಳ್ಳದ ಕಡೆಗೆ ದಾರಿ ಕಡಿದಾಗಿ ಇಳಿಯುತ್ತದೆ. ಒಂದು ಕಡೆ ಮಣ್ಣಿನ ಗೋಡೆ, ಇನ್ನೊಂದು ಕಡೆ ಬಿದಿರು, ಅದರಾಚೆ ಇಳಿಜಾರು. ಕೆಳಗೆ ತಿರುವಿನಾಚೆ ಹಳ್ಳ ದಾಟಿಸುವ ಒಂದು ಹಳೆಯ ಕಲ್ಲಿನ ಮೋರಿ. ದತ್ತಣ್ಣನ ಗಾಡಿ ತಿರುವು ದಾಟಿ ಕಣ್ಣಿಗೆ ಮರೆಯಾಯಿತು. ಲಲಿತಕ್ಕನಿಂದ "ಇಳಿದೆವು, ಬರುದು" ಎಂದು ಕೇಳಿತು. ನಾನು ಮೊದಲ ಗೇರಿಗೆ ಹಾಕಿ, ಬ್ರೇಕು ಮುಟ್ಟದೆ ಇಂಜಿನಿನ ಹಿಡಿತದಲ್ಲೇ ಇಳಿಯತೊಡಗಿದೆ. ಕೆಸರಿನಲ್ಲಿ ಬ್ರೇಕು ಒತ್ತಿದರೆ ಗಾಡಿ ಜಾರುತ್ತದೆ.

ಅರ್ಧ ಇಳಿದಿರಬೇಕು. ಡಿಜಿಟಲ್ ಸೆಟ್ಟು ಟಿಕ್ ಎಂದಿತು. ಮಾತಿಲ್ಲ. ಮತ್ತೆ ಟಿಕ್, ನೀರಿನಲ್ಲಿ ಗುಳ್ಳೆ ಒಡೆದ ಹಾಗೆ ಗುಳುಗುಳು, ಮತ್ತೆ ಮೌನ. "ಲಲಿತಕ್ಕ, ಗುಂಡಿ ಸರಿ ಒತ್ತಿ" ಎಂದ ಶ್ರೀಪಾದ ನಗುತ್ತಾ. ಮತ್ತೊಮ್ಮೆ ಗುಳುಗುಳು. ನಾನು ತಿರುವಿಗೆ ಬರುತ್ತಿದ್ದೆ.

ಆಗ ಡ್ಯಾಶ್‌ಬೋರ್ಡಿನ ಮೇಲಿದ್ದ ಕಪ್ಪು ಡಬ್ಬ ಉಸಿರಾಡಿತು. ಇಂಜಿನಿನ ಸದ್ದು, ನೀರಿನ ಸದ್ದು, ಇವೆಲ್ಲದರ ಜೊತೆಗೆ ಒಂದು ಪಿಸುಮಾತು, ನನ್ನ ಕಿವಿಯ ಒಳಗೇ ಬಾಯಿಟ್ಟು ಹೇಳಿದ ಹಾಗೆ:

"ನಿಲ್ಲಿ. ಮೋರಿ ಹೋತು. ಬರ್ಬೇಡಿ. ನಿಲ್ಲಿ."

ಕಾಲು ಬ್ರೇಕಿಗೆ ಹೋಯಿತು. ಜೀಪು ನಿಲ್ಲಲಿಲ್ಲ, ಕೆಸರಿನಲ್ಲಿ ಅಡ್ಡಡ್ಡ ಜಾರಿತು. ಸ್ಟಿಯರಿಂಗನ್ನು ಮಣ್ಣಿನ ಗೋಡೆಯ ಕಡೆ ತಿರುಗಿಸಿದೆ. ಮುಂದಿನ ಚಕ್ರ ಗೋಡೆಗೆ ಉಜ್ಜಿ, ಮರದ ಬೇರೊಂದಕ್ಕೆ ಸಿಕ್ಕಿ, ಗಾಡಿ ನಿಂತಿತು. ಶ್ರೀಪಾದ ತಕ್ಷಣ ಸೆಟ್ಟು ಎತ್ತಿ, "ಭಾಯಿ, ಅಲ್ಲೇ ನಿಲ್ಲಿ, ಇಳಿಬೇಡಿ" ಎಂದ. ಮೇಲಿನಿಂದ "ನಿಂತೆ, ನಿಂತೆ" ಎಂದು ಬಂತು. ನಾನು ಹ್ಯಾಂಡ್‌ಬ್ರೇಕು ಎಳೆದು ಇಂಜಿನ್ ಆರಿಸಿದೆ.

ಇಳಿದು ನಡೆದು ತಿರುವಿನಾಚೆ ನೋಡಿದೆವು. ಮೋರಿಯ ಅರ್ಧ ಇರಲಿಲ್ಲ. ದತ್ತಣ್ಣನ ಹಿಂದಿನ ಚಕ್ರ ದಾಟುತ್ತಲೇ ಅಡಿಯ ಕಲ್ಲು ಕುಸಿದಿತ್ತು. ಕೆಳಗೆ ಹಳ್ಳ ಕೆಂಪಾಗಿ ಓಡುತ್ತಿತ್ತು. ಆ ಬದಿಯಲ್ಲಿ ದತ್ತಣ್ಣ ಜೀಪಿನ ಹೊರಗೆ ನಿಂತಿದ್ದರು, ಒಂದೊಂದು ಕೈಯಲ್ಲಿ ಒಂದೊಂದು ಸೆಟ್ಟು. ಸದ್ದು ಕೇಳಿದ ಲಲಿತಕ್ಕ ಹಿಂದೆ ಏನಾಯಿತೆಂದು ನೋಡಲು ಇಳಿದು ಮೋರಿಯ ಅಂಚಿಗೆ ಬಂದಿದ್ದರು, ಸೆಟ್ಟುಗಳು ಸೀಟಿನ ಮೇಲೆ ಉಳಿದಿದ್ದವು. ಅವರು ಅಲ್ಲಿಂದಲೇ ಕೂಗಿದ್ದರಂತೆ. ಹಳ್ಳದ ಸದ್ದಿನಲ್ಲಿ ನಮಗೆ ಕೇಳಿರಲಿಲ್ಲ. ಹಾರ್ನ್ ಹೊಡೆಯುವುದೆಂದರೆ ನಮ್ಮ ಗುಂಪಿನಲ್ಲಿ 'ದಾರಿ ಸರಿ, ಬನ್ನಿ' ಎಂದರ್ಥ. ದತ್ತಣ್ಣನಿಗೆ ಬೇರೆ ದಾರಿ ಇರಲಿಲ್ಲ. ಮೊದಲು ನಾವೆಲ್ಲ ಹೊಗಳಿದ ಸೆಟ್ಟಿನಲ್ಲಿ ಮಾತಾಡಿದ್ದಾರೆ. ಗಾಳಿಯನ್ನೂ ಇಂಜಿನ್ನನ್ನೂ ಸೋಸುವ ಆ ಯಂತ್ರ ಅವರ ಮಾತನ್ನೂ ಗಾಳಿಯೆಂದೇ ತಿಳಿದು ಸೋಸಿಬಿಟ್ಟಿದೆ. ಏನನ್ನೂ ಸೋಸಲು ಬಾರದ ಇನ್ನೊಂದು, ಇದ್ದದ್ದನ್ನು ಇದ್ದ ಹಾಗೆ ದಾಟಿಸಿತು.

ಅಷ್ಟು ಹೊತ್ತಿಗೆ ಇಮ್ತಿಯಾಜ್ ಭಾಯಿ ಮೇಲಿನಿಂದ ನಡೆದು ಬಂದರು. ಮೋರಿ ನೋಡಿದರು, ನನ್ನ ಜೀಪು ನೋಡಿದರು. "ಯಾರು ಹೇಳಿದ್ದು ನಿಮಗೆ ನಿಲ್ಲಿ ಅಂತ? ಲಲಿತಾ ಬೆಹನ್ ಅಲ್ಲಿ ನಿಂತಿದಾರೆ."

"ದತ್ತಣ್ಣ" ಎಂದೆ.

ಅವರು ಶ್ರೀಪಾದನ ಕೈಯಿಂದ ಕಪ್ಪು ಸೆಟ್ಟು ತೆಗೆದುಕೊಂಡು, ಗುಂಡಿ ಒತ್ತಿ, ಹಳ್ಳದಾಚೆಗೆ ಕಣ್ಣಿಟ್ಟು, "ದತ್ತಾ, ಕೇಳ್ತದಾ?" ಎಂದರು.

ಆಚೆ ದಡದಲ್ಲಿ ದತ್ತಣ್ಣ ಸೆಟ್ಟನ್ನು ಬಾಯಿಯ ಹತ್ತಿರ ತಂದರು. "ಕೇಳ್ತದೆ. ನಂದು ಕೇಳ್ತದಾ?"

"ಸ್ಪಷ್ಟ. ಅರೇ, ಬಿಲ್ಕುಲ್ ಸ್ಪಷ್ಟ."

ಹಿಂದಕ್ಕೆ ಹತ್ತಿಸುವುದು ಆ ಕೆಸರಿನಲ್ಲಿ ಆಗದ ಮಾತು. ದಾರಿ ಕಟ್ಟಿಕೊಂಡೇ ದಾಟಬೇಕು. ಹಳ್ಳದ ಕಲ್ಲು ಹೊತ್ತೆವು, ಬಿದ್ದ ಮರದ ದಿಮ್ಮಿ ಎರಡು ಉರುಳಿಸಿ ತಂದು ಮೋರಿಯ ಉಳಿದ ಭಾಗಕ್ಕೆ ಒತ್ತಾಗಿ ಕೂರಿಸಿದೆವು. ಪಕ್ಕದ ಊರಿನ ಇಬ್ಬರು ಹಾರೆ ಹಿಡಿದು ಬಂದು ಕೈ ಸೇರಿಸಿದರು. ಅವರ ಹಾಲಿನ ಬೈಕು ಸಂಜೆ ಆ ದಾರಿಯಲ್ಲೇ ಬರಬೇಕಿತ್ತು. ಮಧ್ಯಾಹ್ನವಾಯಿತು. ಲಲಿತಕ್ಕನ ಡಬ್ಬದಲ್ಲಿದ್ದ ಅವಲಕ್ಕಿಯನ್ನು ಎಲ್ಲರೂ ಹಂಚಿಕೊಂಡು ತಿಂದೆವು.

ನಾನು ಗಾಡಿ ತಂದೆ. ಹಿಂದೆಲ್ಲ ಇಂಥ ಕಡೆ ದತ್ತಣ್ಣ ಮುಂದೆ ನಿಂತು ಕೂಗುತ್ತಿದ್ದರು. ಆ ಕೂಗಿಗೆ ನನಗೆ ಸದಾ ಸ್ವಲ್ಪ ಗಾಬರಿಯಾಗುತ್ತಿತ್ತು. ಈಗ ಸೆಟ್ಟು ನನ್ನ ತೊಡೆಯ ಮೇಲಿತ್ತು. "ಎಡಕ್ಕೆ. ಇನ್ನೂ ಒಂಚೂರು. ಸಾಕು. ಈಗ ನೇರ. ಹೆದ್ರುದು ಬೇಡ, ಚಕ್ರ ದಿಮ್ಮಿ ಮೇಲೇ ಇದೆ." ಲಲಿತಕ್ಕ ಮೊದಮೊದಲು ಪ್ರತಿ ಮಾತನ್ನೂ ಗಟ್ಟಿಯಾಗಿ ಪುನಃ ಹೇಳಿದರು: "ಎಡಕ್ಕೆ ಅಂತಾರೆ! ಸಾಕು ಅಂತಾರೆ!" ಆಮೇಲೆ, ತಾವು ಹೇಳುವಷ್ಟರಲ್ಲಿ ನಾನು ಆಗಲೇ ತಿರುಗಿಸಿರುತ್ತೇನೆ ಎಂಬುದು ಅವರಿಗೆ ಕಂಡಿರಬೇಕು. ಮಾತು ನಿಲ್ಲಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯನ್ನು ಎಲ್ಲಿಡುವುದೆಂದು ತಿಳಿಯದವರ ಹಾಗೆ ದಡದಲ್ಲಿ ನಿಂತರು. ನನ್ನ ಹಿಂದೆ ಇಮ್ತಿಯಾಜ್ ಭಾಯಿಯ ಗಾಡಿಯೂ ದಾಟಿತು. ಹಾರೆಯವರು ದಿಮ್ಮಿಯ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿ, ಪಂಚಾಯತಿಗೆ ಹೇಳುತ್ತೇವೆಂದು ಹೋದರು.

ಯಾಣ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಗಾಡಿ ಬಿಟ್ಟು ನಡೆದು ಹೋಗಿ, ಆ ಕಪ್ಪು ಬಂಡೆಗಳ ನಡುವಿನ ತಂಪಿನಲ್ಲಿ ನಿಂತೆವು. ಶ್ರೀಪಾದ ಇಲ್ಲೂ ಬಿಡಲಿಲ್ಲ. ಬಂಡೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ನೋಡಿದೆವು, ಯಾವ ಸೆಟ್ಟೂ ದಾಟಲಿಲ್ಲ. ಯಾತ್ರಿಕರ ಒಂದು ಗುಂಪು ನಮ್ಮನ್ನು ಪೊಲೀಸರೆಂದು ತಿಳಿದು ದಾರಿ ಬಿಟ್ಟಿತು. ಕೆಳಗೆ ಅಂಗಡಿಯಲ್ಲಿ ಕೋಕಂ ಶರಬತ್ತು ಕುಡಿಯುವಾಗ ಇಮ್ತಿಯಾಜ್ ಭಾಯಿ ಡಿಜಿಟಲ್ ಸೆಟ್ಟನ್ನು ಮತ್ತೆ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದರು.

"ಇದು ಚಲೋ ಸೆಟ್ಟು. ಬೇರೆ ಯಾರಿಗಾದ್ರೂ ಚಲೋ" ಎಂದರು. "ನಮಗೆ ಕಪ್ಪದ್ದು. ತಂತಿಯ ಮೈಕು ಬೇರೆ ಸಿಗ್ತದಂತೆ, ಮುಂದಿನ ಗಾಡಿಗೆ ಅದನ್ನೂ ತರಿಸುವ. ಅಂಗಿಗೆ ಸಿಕ್ಕಿಸ್ಕೊಂಡ್ರೆ ಬಾಯಿಗೆ ಹತ್ರ. ಬ್ಯಾಟರಿ ಎರಡೆರಡು. ಮತ್ತೆ ಹಾರ್ನಿನ ಕಾಯ್ದೆ ಇವತ್ತಿಗೆ ರದ್ದು. ಹಾರ್ನ್ ಅಂದ್ರೆ ಇನ್ನು ಮೇಲೆ ನಿಲ್ಲು, ಅಷ್ಟೇ."

"ಮುಂದಿನ ಗಾಡಿ ಯಾರ್ದು?" ಎಂದು ಕೇಳಿದವನು ಶ್ರೀಪಾದ. ಕೇಳಿದ ಮೇಲೆ ಕೇಳಬಾರದಿತ್ತೇನೋ ಎಂಬಂತೆ ಶರಬತ್ತಿನ ಲೋಟ ನೋಡಿದ.

ದತ್ತಣ್ಣ ನಮ್ಮ ಎದುರಿಗೇ ಕೂತಿದ್ದರು. ಬೆಂಚಿನ ಮೇಲಿದ್ದ ಸೆಟ್ಟು ಎತ್ತಿಕೊಂಡರು. ನನ್ನ ಚೀಲದೊಳಗಿನ ಸೆಟ್ಟಿನಿಂದ ಮಾತು ಬಂತು: "ದಾರಿ ಗೊತ್ತಿದ್ದವನದ್ದು."

ಇಮ್ತಿಯಾಜ್ ಭಾಯಿ ನಕ್ಕ ನಗೆಗೆ ಅಂಗಡಿಯ ಬೆಕ್ಕು ಎದ್ದು ಓಡಿತು.

ಆ ರಾತ್ರಿ ಎಲ್ಲರೂ ಕುಮಟಾದಲ್ಲಿ ಉಳಿದೆವು, ನಾನು ಗಡದ್ದಾಗಿ ನಿದ್ದೆ ಮಾಡಿದೆ. ಮೂರನೆಯ ದಿನ ಕೆಲಸವೇನೂ ಉಳಿದಿರಲಿಲ್ಲ. ಮರಳುವ ಮುಂಚೆ ಅಘನಾಶಿನಿ ಊರಿನ ಕಡೆ ಹೋಗಿ ಬಂದೆವು. ನೀರು ಇಳಿದಿತ್ತು. ಅಳಿವೆಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ಹೆಂಗಸರು ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದರು, ತೇಲುವ ಪಾತ್ರೆಗಳನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡಿದ್ದರು. ಲಲಿತಕ್ಕ ದಡದಲ್ಲಿ ನಿಂತು ಅವರೊಡನೆ ಕೊಂಕಣಿಯಲ್ಲೋ ಕನ್ನಡದಲ್ಲೋ ಬಹಳ ಹೊತ್ತು ಮಾತಾಡಿ, ಒಂದು ಚೀಲ ಬಳಚು ಕೊಂಡರು. ಶ್ರೀಪಾದ ಮತ್ತು ಇಮ್ತಿಯಾಜ್ ಭಾಯಿ ಕುಮಟಾದಲ್ಲೇ ಉಳಿದರು. ಒಬ್ಬನ ಮನೆ ಅಲ್ಲೇ, ಇನ್ನೊಬ್ಬರಿಗೆ ಬಟ್ಟೆ ವ್ಯಾಪಾರಿಯೊಬ್ಬರನ್ನು ಕಾಣಬೇಕಿತ್ತು.

ಹೊರಡುವಾಗ ಲಲಿತಕ್ಕ ಗಂಡನ ಜೀಪಿನ ಬಾಗಿಲು ತೆರೆದವರು ಮತ್ತೆ ಮುಚ್ಚಿದರು. "ನಾ ಮೇಡಂ ಗಾಡೀಲಿ ಬರ್ತೆ. ಅವ್ರು ಒಬ್ರೇ ಇದಾರೆ" ಎಂದರು. ದತ್ತಣ್ಣ ತಲೆಯಾಡಿಸಿದರು.

ನನ್ನ ಪಕ್ಕ ಕೂತು ಅವರು ಹೆಚ್ಚು ಮಾತಾಡಲಿಲ್ಲ. ಬಳಚನ್ನು ಹೇಗೆ ಮಾಡಬೇಕೆಂದು ಹೇಳಲು ಶುರುಮಾಡಿದರು, ಕೊಬ್ಬರಿ ಹುರಿಯುವಲ್ಲಿಗೆ ಬಂದಾಗ ಮಾತು ನಿಂತಿತು. ತಿರುಗಿ ನೋಡಿದೆ. ತಲೆ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ರಸ್ತೆಯ ಗುಂಡಿಗಳಿಗೂ ಲಾರಿಗಳ ಹಾರ್ನಿಗೂ ಏಳಲಿಲ್ಲ.

ಹೊನ್ನಾವರ ಹತ್ತಿರ ಬಂದಾಗ ಸೆಟ್ಟು ಉಸಿರಾಡಿತು. "ಮೇಡಂ, ಲಲಿತಾ ಎಂತ ಮಾಡ್ತಾಳೆ? ಅಂಗಡಿ ಹತ್ರ ಇಳೀಬೇಕು."

"ನಿದ್ದೆ ಮಾಡಿದ್ದಾರೆ ದತ್ತಣ್ಣ. ಎಬ್ಬಿಸಲೇ?"

ಮುಂದಿನ ಜೀಪು ನಿಧಾನವಾಯಿತು. "ಬೇಡ. ಮಲಗ್ಲಿ. ನೀವು ಗೇರುಸೊಪ್ಪೆ ಮೇಲೇ ಹೋಗುದಲ್ದಾ? ಹೋಗ್ತಾ ಇರಿ. ನಾ ಹಿಂದೆ ಬರ್ತೆ."

ಹೊನ್ನಾವರದಲ್ಲಿ ಎಡಕ್ಕೆ ತಿರುಗಿ ಹೊಳೆಯಂಚಿನ ದಾರಿ ಹಿಡಿದೆ. ದತ್ತಣ್ಣ ಬದಿಗೆ ನಿಂತು ನನ್ನನ್ನು ಮುಂದೆ ಬಿಟ್ಟು ಹಿಂದೆ ಬಂದರು. ಕವಲಕ್ಕಿ ಹೋಯಿತು, ಉಪ್ಪೋಣಿ ಹೋಯಿತು. ಬಲಗಡೆ ಶರಾವತಿ ಅಲ್ಲಲ್ಲಿ ಹೊಳೆದು ಮರೆಯಾಗುತ್ತಿತ್ತು. ಸೆಟ್ಟಿನ ದನಿ ತಗ್ಗಿಸಿದ್ದೆ. ನಾನು ಎಷ್ಟೋ ದಿನಗಳ ಮೇಲೆ ಅಷ್ಟು ನಿಧಾನವಾಗಿ ಗಾಡಿ ಓಡಿಸಿದೆ.

ಗೇರುಸೊಪ್ಪೆಯಲ್ಲಿ ಘಾಟಿ ಶುರುವಾಗುವ ಮುಂಚೆ ಒಂದು ಮರದಡಿ ನಿಲ್ಲಿಸಿದೆ. ಇಂಜಿನ್ ನಿಂತದ್ದಕ್ಕೇ ಲಲಿತಕ್ಕ ಎಚ್ಚರವಾದರು. ಕಣ್ಣುಜ್ಜಿ ಹೊರಗೆ ನೋಡಿದರು. "ಇದೆಂತ? ಹೊನ್ನಾವರ ಎಲ್ಲಿ ಹೋತು?"

"ಹಿಂದೆ ಹೋಯಿತು. ದತ್ತಣ್ಣನೇ ಎಬ್ಬಿಸಬೇಡಿ ಎಂದರು."

ಅವರು ಇಳಿದರು. ಬಳಚಿನ ಚೀಲ ಹಿಡಿದು ಗಂಡನ ಜೀಪಿನ ಕಡೆ ದಡದಡ ನಡೆದರು. ನಾನು ಕೈಬೀಸಿ ಘಾಟಿ ಹತ್ತತೊಡಗಿದೆ. ಸೆಟ್ಟು ಇನ್ನೂ ಡ್ಯಾಶ್‌ಬೋರ್ಡಿನ ಮೇಲಿತ್ತು. ದನಿ ಏರಿಸಿದೆ. ದತ್ತಣ್ಣನ ಕೈ ಗುಂಡಿಯ ಮೇಲೇ ಉಳಿದಿತ್ತೆಂದು ಕಾಣುತ್ತದೆ; ಕೆಳಗಿನ ಮಾತೆಲ್ಲ ಮೇಲೆ ಬರುತ್ತಿತ್ತು.

"ನಿಮಗೆಂತ ಬುದ್ಧಿ ಇಲ್ವಾ? ಬಳಚು ಬಿಸಿಲಿಗೆ ಹಾಳಾದ್ರೆ? ಅಂಗಡಿ ಬಾಗಿಲು ತೆಗೆಯುದು ಯಾರು? ಇಷ್ಟು ದೂರ ಡೀಸೆಲ್ ಸುಟ್ಕಂಡು..."

"ನಿದ್ದೆ ಬಂತಲ್ಲ?"

"ಬಂತು."

"ಆತು ಮತ್ತೆ."

"ಎಂತ ಆತು? ನಾನೀಗ ಹೇಳುದು ಮುಗೀಲಿಲ್ಲ. ಕೇಳಿ ಇಲ್ಲಿ..."

ಮೊದಲ ತಿರುವಿನಲ್ಲಿ ಸದ್ದು ಕರಕರ ಎಂದಿತು. ಕನ್ನಡಿಯಲ್ಲಿ ನೋಡಿದೆ. ಮರದಡಿ ಇಬ್ಬರೂ ನಿಂತಿದ್ದರು, ಲಲಿತಕ್ಕನ ಕೈಯಲ್ಲಿ ಚೀಲ ಅಲ್ಲಾಡುತ್ತಿತ್ತು, ದತ್ತಣ್ಣ ತಲೆಯಾಡಿಸುತ್ತಿದ್ದರು. ಎರಡನೆಯ ತಿರುವಿಗೆ ಗುಡ್ಡ ಅಡ್ಡ ಬಂತು.